ತೊಲೆಯ ಕೆಳಗೆ ಇಳಿದ ರಾಕೆಟ್ ಅಕ್ಷರ

ಚಿಕ್ಕೋಡಿಯ ಸಮಸ್ತ ಪ್ರಜೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ೧೯೮೭ರ ದೀಪಾವಳಿಗೆ ಮುಂಚೆ, ಶುಭ ಮುಹೂರ್ತದಲ್ಲಿ, ಶ್ರೀಮಾನ್ ಧನಪಾಲರು ತಮ್ಮ ಬಟ್ಟೆ ಅಂಗಡಿಯ ಬೋರ್ಡು ಬದಲಿಸಿದರು. ಪ್ರಜೆಗಳು ಎಂದಿನಂತೆ ಚಹಾ ಕುಡಿಯುತ್ತಿದ್ದರು.

ಬೋರ್ಡಿಗೆ ಬಣ್ಣಕ್ಕಿಂತ ಮೊದಲು ಬಳಿದದ್ದು ಹಗೆ. ಧನಪಾಲ, ಅವನ ತಮ್ಮ ಜಯಪಾಲ ಬೇರೆಯಾದಾಗ ಚೀಟಿ ಎತ್ತಿ ಅಂಗಡಿ ಹಂಚಿಕೊಂಡಿದ್ದರು. ತೊಲೆಯ ಮೇಲಿನ ಮಾಳಿಗೆ ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಅಂದಿನಿಂದ ಗಿರಾಕಿಗಳ ಕಾಲು ಕೆಳಗೇ ನಿಂತಿತು. ಮೆಟ್ಟಿಲು ಹತ್ತುತ್ತಿದ್ದದ್ದು ಧೂಳು ಮಾತ್ರ. ಈ ಹಬ್ಬವೂ ಹೀಗೇ ಹೋದರೆ ಮಾಳಿಗೆಯನ್ನು ತಮ್ಮನಿಗೇ ಮಾರಬೇಕಿತ್ತು. ಅದಕ್ಕಿಂತ ವಿಷ ಕುಡಿಯುವುದು ಲೇಸೆಂದು ಧನಪಾಲ ಕರೋಶಿಯ ಪೇಂಟರ್ ಮಾಳಸಿದ್ದನನ್ನು ಕರೆಸಿದ.

ಕೊಲ್ಲಾಪುರದ ಟಿ.ವಿ. ಅಂಗಡಿಯ ಬೋರ್ಡು ನೋಡಿ ಬಂದ ಮೇಲೆ ಮಾಳಸಿದ್ದ 'ರಾಕೆಟ್ ಅಕ್ಷರ' ಕಂಡುಹಿಡಿದಿದ್ದ. ಬಳುಕಿಲ್ಲ, ಕೊಂಕಿಲ್ಲ, ಬರೀ ಅರ್ಧ ಗಾಲಿ, ನೆಟ್ಟನೆಯ ಪಟ್ಟಿ, ಎಲ್ಲವೂ ಎಮ್ಮೆಯ ಹೊಟ್ಟೆಯಷ್ಟು ದಪ್ಪ. ತಗಡಿನಲ್ಲಿ ಕತ್ತರಿಸಿ ಬೆಳ್ಳಿಬಣ್ಣ ಬಳಿದರೆ ಚಂದ್ರನಿಗೆ ಹೊರಟಂತಿದ್ದವು.

"ಬಸ್‌ಸ್ಟ್ಯಾಂಡಿನಿಂದ ಕಾಣ್ತಾವ್ರಿ, ಸಾವಕಾರ್ರ."

"ಕಂಡ್ರ ಸಾಲಂಗಿಲ್ಲೋ. ಕೆಳಗಿನಾವನ ಕಣ್ಣಾಗ ಚುಚ್ಚಬೇಕು."

'ಧನಪಾಲ ವಸ್ತ್ರ ಭಂಡಾರ' ಮೇಲೇರಿತು. ಊರು ಕತ್ತೆತ್ತಿ ನೋಡಿತು, ಆಮೇಲೆ ಕತ್ತು ಇಳಿಸಿತು. ಏಕೆಂದರೆ ನಡುವಿನ 'ಸ್ತ್ರ' ಕೆಳಗಿಳಿಯುತ್ತಲೇ ಇತ್ತು. 'ಸ'ದ ಕೆಳಗೆ 'ತ'ದ ಒತ್ತು, ಅದರ ಕೆಳಗೆ 'ರ'ದ ಒತ್ತು, ತೊಲೆ ದಾಟಿ ಜಯಪಾಲನ ಬಾಗಿಲಿನ ಮೇಲೆ ಜೋತುಬಿದ್ದಿತ್ತು.

"ಒತ್ತು ಸಣ್ಣದ ಮಾಡಾಕ ಏನ್ ಧಾಡಿ ಆಗಿತ್ತಲೇ ನಿನಗ?"

"ರಾಕೆಟ್ ಅಕ್ಷರದಾಗ ಅಣ್ಣ-ತಮ್ಮ ಅನ್ನೂ ಭೇದ ಇಲ್ರಿ. ಒತ್ತೂ ಅಕ್ಷರದಷ್ಟ ದಪ್ಪ."

"ಬೋರ್ಡ್ ಮ್ಯಾಲೆ ಸರಸು!"

"ಮ್ಯಾಲೆ ಛತ್ತ ಮುಗೀತ್ರಿ. ಇನ್ನ ಆಕಾಶನ."

ಅಷ್ಟರಲ್ಲಿ ಜಯಪಾಲ, ಆಸ್ತಿ ಹಂಚಿಕೊಟ್ಟಿದ್ದ ಆಬಾಸಾಹೇಬ ಕಾಕಾನನ್ನು ಕರೆತಂದ. ಧನಪಾಲ ಮೇಲಿನಿಂದಲೇ ಗುಡುಗಿದ: "ತೆಗಿ ಅಂದ್ರ ತೆಗಿಯಂಗಿಲ್ಲ! ಕೋರ್ಟಿಗೆ ಹೋಗು!"

"ತೆಗಿ ಅಂದಾವ್ರ ಯಾರ ಅಣ್ಣಾ? ಕಾಕಾ, ಪಾಲ ಆದಾಗ ತೊಲಿಗೆ ಜೋತಬಿದ್ದ ಕಂದೀಲು, ಕೊಕ್ಕಿ ಸಲುವಾಗಿ ನಾವು ಬಡದಾಡಿದ್ವಿ. ಏನ್ ನ್ಯಾಯ ಹೇಳಿದ್ರಿ?"

ಕಾಕಾ ಗಂಟಲು ಸರಿಮಾಡಿಕೊಂಡರು. "ತೊಲಿ ಕೆಳಗ ಏನ ಜೋತಾಡ್ಲಿ, ಅದು ಕೆಳಗಿನಾವಂದು. ಇಬ್ಬರೂ ಒಪ್ಪೀರಿ."

"ಹಂಗಾದ್ರ ಅಕ್ಷರ ನಿಂದು ಅಣ್ಣಾ, ಒತ್ತು ನಂದು. ಕೈ ಹಚ್ಚಿ ನೋಡು, ಪೊಲೀಸರನ್ನ ಕರೀತೇನಿ."

ಇಡೀ ಬೋರ್ಡು ಒಂದೇ ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್ ಆಗಿತ್ತು. ಒತ್ತು ಕೊಯ್ಯದೆ ಬೋರ್ಡು ಇಳಿಯದು. ತಮ್ಮನ ಅಪ್ಪಣೆಯಿಲ್ಲದೆ ಒತ್ತು ಕೊಯ್ಯುವಂತಿಲ್ಲ. ಧನಪಾಲ ಹಲ್ಲು ಕಡಿದ. ಮಾಳಸಿದ್ದ ಏಣಿ ಹೊತ್ತುಕೊಂಡು ಹಿಂದಿನ ಸಂದಿಯಿಂದ ಜಾಗ ಖಾಲಿ ಮಾಡಿದ.

ಜಯಪಾಲ ಸ್ಟೂಲು ಹತ್ತಿ, 'ರ'ದ ಒತ್ತಿನ ಆ ದಪ್ಪ ಕೊಕ್ಕೆಗೆ ಇಳಕಲ್ ಸೀರೆಗಳನ್ನು ಸಾಲಾಗಿ ಇಳಿಬಿಟ್ಟ. ಬೆಳ್ಳಿ ಅಕ್ಷರ ನೋಡುತ್ತ ಬಂದ ಕಬ್ಬೂರಿನ ಹೆಂಗಸರ ಕಣ್ಣು ಸೆರಗಿನ ಗುಂಟ ಕೆಳಗಿಳಿಯಿತು.

"ಬೆಳ್ಳಿ ಅಕ್ಷರದ ಅಂಗಡಿ ಇಲ್ಲೇ ಐತಿ ನೋಡ್ ಬೇ, ಲಕ್ಕವ್ವಾ," ಎಂದು ಒಬ್ಬಾಕೆ ಚಪ್ಪಲಿ ಕಳಚಿ ಜಯಪಾಲನ ಗಾದಿಯ ಮೇಲೆ ಕುಳಿತಳು.