ಹನ್ನೊಂದು ಫೋನು, ಒಂದೇ ಬೆರಳು

ನಿಮ್ಮ ಫೋನಿಗೂ ಕೆಲಸದ ಜಾಗದಿಂದ ದಿನಕ್ಕೆ ಹತ್ತಾರು ಸಂದೇಶ ಬರುತ್ತವೆ ತಾನೇ? ಎಲ್ಲವನ್ನೂ ಓದುತ್ತೀರಾ? ನಾಚಿಕೆ ಬೇಡ, ನಾನೂ ಓದುತ್ತಿರಲಿಲ್ಲ. ಓದದೆ, ಏನನ್ನೂ ಒತ್ತದೆ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಗೋಡೆಯ ಆಚೆ ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆ. ಅಲ್ಲಿ ನನ್ನ ಒಡಹುಟ್ಟಿದ ತಂಗಿ ಕೆಲಸ ಮಾಡುತ್ತಾಳೆ. ಮೊದಲೆಲ್ಲ ಸೂಪರ್‌ವೈಸರ್ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆ ದಿನದ ವಿಷಯ ಕೂಗಿ ಹೇಳುತ್ತಿದ್ದರು. ಯಂತ್ರದ ಸದ್ದಿನಲ್ಲಿ ಕೇಳಿಸದಿದ್ದರೆ ತಿರುಗಿ ಕೇಳುತ್ತಿದ್ದೆವು. ಅವರು ಗೊಣಗಿಕೊಂಡೇ ಮತ್ತೆ ಹೇಳುತ್ತಿದ್ದರು. ಆಮೇಲೆ ಫೋನಿನ ಗುಂಪು ಬಂತು. ಸಂದೇಶ ಬಂದ ಹತ್ತು ನಿಮಿಷದೊಳಗೆ ಎಲ್ಲರೂ ಓದಿದ ಗುರುತಿಗೆ ಹೆಬ್ಬೆರಳಿನ ಚಿತ್ರ ಒತ್ತಬೇಕು, ಒತ್ತದವರ ಹೆಸರು ಕಚೇರಿಗೆ ಹೋಗುತ್ತದೆ ಎಂದು ಅಪ್ಪಣೆಯಾಯಿತು.

ಈಗ ನೀವೇ ಹೇಳಿ, ಗವಸು ಹಾಕಿಕೊಂಡು ರಕ್ತ ಮೆತ್ತಿದ ಬಟ್ಟೆ ಬಿಚ್ಚುವವರು ಫೋನು ಮುಟ್ಟುವುದು ಹೇಗೆ? ಅವರ ಫೋನುಗಳೆಲ್ಲ ನನ್ನ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಒಣಗಿದ ಕೈ ನನ್ನದೊಂದೇ. ಟಿಂಗ್ ಎಂದ ಕೂಡಲೇ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನನ್ನದೂ ಸೇರಿ ಹನ್ನೊಂದು ಫೋನಿಗೂ ಒತ್ತಿಬಿಡುತ್ತಿದ್ದೆ. ನೀನಿಲ್ಲದಿದ್ದರೆ ನಮ್ಮ ಗತಿಯೇನು ಅಕ್ಕ ಎಂದು ಎಲ್ಲರೂ ಹೊಗಳುವವರೇ. ನಾನೂ ಉಬ್ಬಿಹೋಗಿದ್ದೆ.

ಅದೇ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು. ಕೆಲಸದ ಜಾಗದಲ್ಲಿ ಮಾತು ಯಾರಿಂದ ಯಾರಿಗೆ ತಲುಪುತ್ತದೆ, ಹೊಸ ಯಂತ್ರ, ಹೊಸ ಫೋನು ಬಂದಾಗ ಯಾರ ದನಿ ಹೊರಗೆ ಉಳಿದುಬಿಡುತ್ತದೆ ಎಂಬುದು ಅವಳ ಸಂಶೋಧನೆಯಂತೆ. ಅವಳಿಗೆ ನೋಟ್‌ಬುಕ್ ಹುಡುಗಿ ಎಂದು ಹೆಸರಿಟ್ಟೆವು. ನನಗೇನೂ ನಂಬಿಕೆ ಬರಲಿಲ್ಲ. ಬರೆದುಕೊಂಡು ಅವಳು ಪದವಿ ಗಿಟ್ಟಿಸುತ್ತಾಳೆ, ಬೈಗುಳ ನಮ್ಮ ಪಾಲಿಗೆ ಉಳಿಯುತ್ತದೆ ಅಂದುಕೊಂಡೆ. ಫೋನಿನ ಗುಂಪು ಹೇಗಿದೆ ಎಂದು ಕೇಳಿದಾಗ ಎಲ್ಲ ಸುಸೂತ್ರ ಅಂದೆ. ಅವಳು ಕಿಟಕಿಕಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೇನೂ ಕೇಳಲಿಲ್ಲ.

ಮುಂದಿನ ವಾರ ಒಂದು ಸಂದೇಶ ಬಂತು. ಎಂದಿನಂತೆ ಓದದೆ ಒತ್ತಿದೆ. ಇವತ್ತಿನಿಂದ ಹಳದಿ ದಾರದ ಚೀಲಗಳನ್ನು ಬಿಚ್ಚಬೇಡಿ, ಶಸ್ತ್ರಚಿಕಿತ್ಸೆ ಕೋಣೆಯವು, ಒಳಗೆ ಸೂಜಿ ಇರಬಹುದು ಎಂದು ಅದರಲ್ಲಿತ್ತು. ಅರ್ಧ ಗಂಟೆಗೆ ತಂಗಿ ಹಳದಿ ದಾರದ ಚೀಲ ಬಿಚ್ಚಿದಳು. ಸೂಜಿ ಗವಸು ತೂರಿ ಬೆರಳಿಗೆ ಚುಚ್ಚಿತು.

ಸೋಪು ಹಾಕಿ ತೊಳೆದು ಆ ಕ್ಷಣವೇ ವೈದ್ಯರ ಹತ್ತಿರ ಓಡಿದೆವು. ಅವರು ರಕ್ತ ತೆಗೆದುಕೊಂಡರು, ಮಾತ್ರೆ ಕೊಟ್ಟರು, ಇನ್ನು ಕೆಲವು ತಿಂಗಳು ಪರೀಕ್ಷೆ ಮಾಡಿಸುತ್ತಲೇ ಇರಬೇಕು ಅಂದರು. ಸಂಜೆ ಕಚೇರಿಯಿಂದ ಕಾಗದವೂ ಬಂತು. ಬೆರಳು ಒತ್ತಿದ್ದಾಳೆ ಎಂದರೆ ಓದಿದ್ದಾಳೆ, ಗೊತ್ತಿದ್ದೂ ಚೀಲ ಬಿಚ್ಚಿದ್ದು ಅವಳದೇ ನಿರ್ಲಕ್ಷ್ಯ, ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಮೂರು ದಿನದಲ್ಲಿ ಉತ್ತರ ಕೊಡಬೇಕು.

ಆ ಬೆರಳು ನನ್ನದು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ತಂಗಿಯ ಅನ್ನಕ್ಕೆ ಕಲ್ಲು. ಅವಳು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ದಿನ ನುಂಗಿಕೊಂಡೆ. ಮೂರನೇ ದಿನ ಬೆಳಿಗ್ಗೆ ನೋಟ್‌ಬುಕ್ ಹುಡುಗಿಯ ಮುಂದೆ ಹೋಗಿ ನಿಂತೆ.

"ಹನ್ನೊಂದೂ ನಾನೇ ಒತ್ತಿದ್ದು ಕಣಮ್ಮ. ಒಂದನ್ನೂ ಓದಿಲ್ಲ."

"ಅನುಮಾನ ಇತ್ತು ಅಕ್ಕ," ಅಂದಳು ಅವಳು. "ಅವತ್ತೇ ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ, ಅದು ನನ್ನ ತಪ್ಪು. ಆದ್ರೆ ಒದ್ದೆ ಕೈಯವರು ಹೇಗೆ ಓದ್ತಾರೆ ಅಂತ ಗುಂಪು ಮಾಡೋ ಮೊದಲು ಯಾರಾದ್ರೂ ನಿಮ್ಮನ್ನ ಕೇಳಿದ್ರಾ? ಅದನ್ನೇ ಒಳಗೆ ಹೋಗಿ ಹೇಳಿ. ನಾನು ಪಕ್ಕದಲ್ಲಿ ಕೂತಿರ್ತೀನಿ. ಮಾತು ಮಾತ್ರ ನಿಮ್ಮದೇ ಇರಲಿ."

ಹೋದೆ. ಆಡಳಿತಾಧಿಕಾರಿ ಮೇಡಂ ಎದುರು ಕಿಟಕಿಕಟ್ಟೆಯ ಕಥೆ ಪೂರ್ತಿ ಹೇಳಿದೆ. ಇದು ಶಿಸ್ತಿಲ್ಲದ್ದಕ್ಕೆ ಆದದ್ದು ಎಂದು ಸೂಪರ್‌ವೈಸರ್ ಗರಂ ಆದರು. ಮೇಡಂ ಅವರ ಕಡೆ ತಿರುಗಿ, ಬೇರ್ಪಡಿಸುವ ಕೋಣೆಗೆ ದಪ್ಪ ಗವಸು ಬಂದಿದೆ, ಉಗ್ರಾಣದಿಂದ ಒಯ್ಯಿರಿ ಎಂದು ಹೋದ ವಾರ ಸೂಪರ್‌ವೈಸರ್‌ಗಳ ಗುಂಪಿಗೆ ಕಳಿಸಿದ ಸಂದೇಶ ಓದಿದಿರಾ ಎಂದು ಕೇಳಿದರು. ಸೂಪರ್‌ವೈಸರ್ ಫೋನು ತೆಗೆದು ನೋಡಿದರು. ಅವರೂ ಬೆರಳು ಒತ್ತಿದ್ದರು. ಗವಸು ಇನ್ನೂ ಉಗ್ರಾಣದಲ್ಲೇ ಇತ್ತು.

ತಂಗಿಗೆ ಕೊಟ್ಟ ಕಾಗದವನ್ನು ಮೇಡಂ ವಾಪಸ್ ತೆಗೆದುಕೊಂಡರು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸಿಗಬೇಕಾದದ್ದೇ. ಆಮೇಲೆ ಮೇಡಂ, ಹಾಗಾದರೆ ಹೇಗೆ ಮಾಡೋಣ ಎಂದು ಮೊದಲ ಸಲ ನಮ್ಮನ್ನೇ ಕೇಳಿದರು. ಈಗ ಬೆಳಿಗ್ಗೆ ಹತ್ತು ನಿಮಿಷ ಯಂತ್ರ ನಿಲ್ಲಿಸುತ್ತಾರೆ. ಅವತ್ತಿನ ವಿಷಯ ಬಾಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಒಬ್ಬರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಬೇಕು, ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ನಡುವೆ ತುರ್ತು ವಿಷಯ ಬಂದರೆ ಸೂಪರ್‌ವೈಸರೇ ಕೋಣೆಗೆ ಬರುತ್ತಾರೆ. ಫೋನಿನ ಗುಂಪೂ ಇದೆ, ಮರೆತವರಿಗೆ ಅದೂ ಬೇಕು.

ಮೊನ್ನೆ ತಂಗಿಯ ಫೋನು ಕಟ್ಟೆಯ ಮೇಲೆ ಟಿಂಗ್ ಅಂದಿತು. ಕೊನೆಯ ಪರೀಕ್ಷೆಯ ಫಲಿತಾಂಶ ಎಂದು ಗೊತ್ತಿತ್ತು. ಕೈ ಚಾಚಿದವಳು ಹಿಂದಕ್ಕೆ ತೆಗೆದೆ.

"ನಿನ್ನ ಫೋನು ಕಣೇ. ನೀನೇ ಬಂದು ಓದು," ಎಂದು ಗೋಡೆಯಾಚೆಗೆ ಕೂಗಿದೆ.

ಅವಳು ಗವಸು ಕಳಚಿ, ಕೈ ತೊಳೆದು, ಒರೆಸಿಕೊಂಡು ಬಂದಳು. ನಿಧಾನವಾಗಿ ಓದಿದಳು. "ಏನೂ ಇಲ್ವಂತೆ ಅಕ್ಕ," ಅಂದಳು. ನಾನು ಇಸ್ತ್ರಿ ಮಾಡಿಟ್ಟ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಆ ವೈದ್ಯರಿಗೆ, ಪಕ್ಕದಲ್ಲಿ ಕೂತ ಆ ಹುಡುಗಿಗೆ, ಒಂದು ದಿನವೂ ನನ್ನನ್ನು ಬೈಯದ ತಂಗಿಗೆ ನಾನು ಎಷ್ಟು ಋಣಿ ಎಂದು ಹೇಳಿ ಮುಗಿಯುವುದಿಲ್ಲ.

ಬಂಧುಗಳೇ, ನಿಮ್ಮ ಕೆಲಸದ ಜಾಗದಲ್ಲೂ, ಸಂಘದಲ್ಲೂ ಇಂಥ ಗುಂಪು ಇರುತ್ತದೆ. ಸಂದೇಶ ಕಳಿಸುವವರು ನೀವಾಗಿದ್ದರೆ ಬೆರಳು ಎಣಿಸಬೇಡಿ, ಏನು ಅರ್ಥವಾಯಿತು ಎಂದು ಒಬ್ಬರನ್ನಾದರೂ ಕೇಳಿ. ಪಡೆಯುವವರಾಗಿದ್ದರೆ, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಹೇಳಿ. ಇನ್ನೊಬ್ಬರ ಬೆರಳು ಮಾತ್ರ ನೀವು ಒತ್ತಬೇಡಿ. ಸೂಜಿ ಚುಚ್ಚುವುದು ಅವರ ಬೆರಳಿಗೆ.