ಗಾಲ್ಫ್ ಮೈದಾನದಲ್ಲಿ ಒಂಟಿ ಸೀನು

ರಾಯಚೂರಿನ ಗಾಲ್ಫ್ ಮೈದಾನದಲ್ಲಿ ಚೆಂಡಿಗೂ ಕುಳಿಗೂ ಮೂರೇ ಮೊಳ ದೂರವಿತ್ತು. ಅಷ್ಟು ದಾಟಿಸಿದರೆ ದೇವದುರ್ಗದ ಕನಕರಾಜನಿಗೆ ಜೀವನದ ಮೊದಲ ಬಹುಮಾನ. ಆಟಗಾರ ಕೋಲೆತ್ತಿದಾಗ ಸುತ್ತ ನಿಂತವರು ಕೆಮ್ಮಲೂಬಾರದು ಎಂಬುದು ಆ ಆಟದ ಮರ್ಯಾದೆ. ಅವನು ಕೋಲೆತ್ತಿದ್ದೇ ತಡ, ಎದುರಾಳಿ ಪೀರಾ ಸಾಬರು, ಮಾನ್ವಿಯ ಮೆಣಸಿನಕಾಯಿ ವ್ಯಾಪಾರಿ, "ಆಕ್ಷೀ!" ಎಂದು ಸೀನಿಬಿಟ್ಟರು.

ಕನಕರಾಜ ಕೋಲು ಇಳಿಸಿದ. "ಒಂಟಿ ಸೀನು ಅಪಶಕುನ, ನಾ ಹೊಡಿಯಂಗಿಲ್ರೀ ಸಾಬ್ರ. ಇನ್ನೊಂದು ಸೀನ್ರಿ, ಜೋಡಿ ಆಗ್ಲಿ."

"ಮಾಫ್ ಮಾಡಪಾ. ಕರದ ಕೂಡ್ಲೆ ಬರಾಕ ಸೀನೇನು ಮನಿ ಅಳಿಯನಾ?" ಎನ್ನುತ್ತ ಸಾಬರು ನಾಚಿ ಕರವಸ್ತ್ರ ಕೊಡವಿದರು. ಅದರ ತುಂಬ ಖಾರದ ಧೂಳು! ರೆಫರಿ ಉಮಾದೇವಿ ಸೀನಿದರು. ನೋಡಲು ಬಂದವರೆಲ್ಲ ಸಾಲುಹಿಡಿದು ಸೀನಿದರು.

"ಎಷ್ಟಾದುವ್ರೀ ಯಕ್ಕಾ?" ಕನಕರಾಜ ಕೂಗಿದ.

"ಹದಿನೇಳು! ಮತ್ತ ಒಂಟಿನ ಆತು, ತಡೀರಿ!" ಉಮಾದೇವಿ ಸೆರಗಿನೊಳಗಿಂದಲೇ ಕೂಗಿದರು.

ನಕ್ಕು ನಕ್ಕು ಬಗ್ಗಿದ ಕನಕರಾಜನಿಗೂ ಸೀನು ಸಿಡಿಯಿತು: ಹದಿನೆಂಟು, ಜೋಡಿ! ಆ ರಭಸಕ್ಕೆ ಕೋಲು ತಗುಲಿ, ಚೆಂಡು ಉರುಳುತ್ತ ಹೋಗಿ ಕುಳಿಗೆ ಇಳಿಯಿತು.

"ಕೈತಪ್ಪಿ ಹೋತಲ್ರೀ... ಇದು ನಡೀತದೇನ್ರೀ?"

ಸಾಬರು ಕಣ್ಣೊರೆಸಿಕೊಂಡು ಅವನನ್ನು ಅಪ್ಪಿಕೊಂಡರು. "ನಡೀತದ ತಮ್ಮಾ. ಹೊಡದಾಂವ ನೀನಲ್ಲ, ದೇವರು. ಅವನ ಕೈಲಿ ಸೋತ್ರ ನನಗೇನು ನಾಚಿಕಿ?"