ಸುರುಳಿಯ ಜಾಗದಲ್ಲಿ ಬಾಣ

ಹಸಿರು ಗೆರೆ ಮತ್ತೆ ಆಸಿಲೋಸ್ಕೋಪಿನ ಪರದೆಯ ಮೇಲಂಚಿಗೆ ಅಂಟಿಕೊಂಡಿತು, ಸೂರಿಗಂಟಿದ ಹಲ್ಲಿಯ ಹಾಗೆ, ಕದಲುವುದಿಲ್ಲ — ಮೇಡಂ, ಏನ್ ಮಾಡುದ್ರೂ ಮೇಲಕ್ಕೋಗಿ ಕೂತ್ಬುಡ್ತದೆ, ಎನ್ನುತ್ತಾಳೆ ಪಕ್ಕದ ಮನೆಯ ಅಕ್ಷತಾ, ಪರೀಕ್ಷಕರು ಕೆಳಗೆ ಕಾಫಿ ಕುಡಿಯುತ್ತಿದ್ದಾರೆ, ಅವರು ಮೇಲೆ ಬರುವುದರೊಳಗೆ ಈ ಫಿಲ್ಟರು ಕೆಲಸ ಮಾಡದಿದ್ದರೆ ಪ್ರಾಜೆಕ್ಟು ಫೇಲು, ಒಂದು ವರ್ಷವೇ ಹೋಯಿತು — ನಿನ್ ಥರಾನೇ ಕಣೇ ಅದೂ, ಮುನಿಸ್ಕೊಂಡ್ರೆ ಕೆಳಗಿಳಿಯಲ್ಲ, ಎನ್ನುತ್ತಾನೆ ಅವಳ ಜೊತೆಯ ಗೌತಮ್, ಎನ್ನುತ್ತಲೇ ನನ್ನ ನೋಯುವ ಮಂಡಿ ನೋಡಿ ತನ್ನ ಸ್ಟೂಲನ್ನು ಇತ್ತ ತಳ್ಳುತ್ತಾನೆ, ಒಳ್ಳೆಯ ಹುಡುಗ, ಬಾಯಿ ಮಾತ್ರ ಹಾಗೆ — ನಿವೃತ್ತಿಗೆ ಮೊದಲು ನಾನು ಪಾಠ ಹೇಳಿದ ಇದೇ ಲ್ಯಾಬು, ಇವಳು ಕರೆದಳೆಂದು ಜಯಲಕ್ಷ್ಮಿಪುರದಿಂದ ಆಟೋದಲ್ಲಿ ಬಂದಿಳಿದು ಬೆಸುಗೆಯ ಹೊಗೆ ಮೂಗಿಗೆ ತಾಗಿದ್ದೇ ತಡ ಎದೆ ಡವಡವ, ಈ ವಯಸ್ಸಿನಲ್ಲಿ — ನಾನು ಓದುವಾಗ ನಾವು ಸುರುಳಿ ಸುತ್ತುತ್ತಿದ್ದೆವು, ತಾಮ್ರದ ತಂತಿ ಬೆರಳು ಕೊಯ್ಯುವವರೆಗೆ, ತಗ್ಗು ದನಿಯನ್ನು ಹಾಯಬಿಟ್ಟು ಕೀಚಲನ್ನು ತಡೆಯುವುದಕ್ಕೆ ಗುಂಡುಕಲ್ಲಿನಂಥ ಸುರುಳಿ, ಒಂದು ದಿನ ಕರಿಬಸವಯ್ಯ ಮೇಷ್ಟ್ರು ಅದೇ ಫಿಲ್ಟರನ್ನು ಕರಿಹಲಗೆಯ ಮೇಲೆ ಬರೀ ಚುಕ್ಕಿ, ಬಾಣಗಳಾಗಿ ಬರೆದರು, ಚುಕ್ಕಿಯೆಂದರೆ ಒಂದು ವೋಲ್ಟೇಜೋ ಕರೆಂಟೋ, ಬಾಣವೆಂದರೆ ಒಂದರಿಂದ ಇನ್ನೊಂದು ಹುಟ್ಟುವ ಬಗೆ, ಬಾಣವಿದ್ದಲ್ಲಿ ಪುಟ್ಟ ಆಂಪ್ಲಿಫೈಯರು ಇಡಿ, ಸಾಕು — ಸುರುಳಿ ಹೋಯಿತು, ಅದರ ನಡತೆ ಉಳಿಯಿತು, ಸಂತೋಷಕ್ಕೆ ಆ ಮಧ್ಯಾಹ್ನ ಊಟವೇ ಸೇರಲಿಲ್ಲ — ಹಾಳೆಯಲ್ಲಿ ಅಕ್ಷತಾ ಬರೆದ ಬಾಣಗಳೂ ಸರಿ, ಮುಂದೆ ಹೋಗುವುದು, ಹಿಂದೆ ಬಂದು ಕೂಡುವುದು, ಎಲ್ಲ ಸರಿ, ಮತ್ತೆ ಈ ಗೆರೆ ಯಾಕೆ ಮೇಲೆ, ಯಾಕೆ — ಅಯ್ಯೋ, ಕಂಡಿತು, ಹಾಳೆಯಲ್ಲಲ್ಲ, ಬೆಸುಗೆ ಹಾಕಿದ ಬೋರ್ಡಿನಲ್ಲಿ, ಹಾಳೆಯಲ್ಲಿ ಇಡೀ ಸುತ್ತಿನಲ್ಲಿ ಒಂದೇ ಮೈನಸ್ಸು, ಬೋರ್ಡಿನಲ್ಲಿ ಎರಡು ಆಂಪ್ಲಿಫೈಯರೂ ಚಿಹ್ನೆ ತಿರುಗಿಸುವಂಥವು, ಮೈನಸ್ಸಿಗೆ ಮೈನಸ್ಸು ಸೇರಿ ಪ್ಲಸ್ಸು, ಸುತ್ತು ತನ್ನನ್ನು ತಡೆದುಕೊಳ್ಳುವ ಬದಲು ತನ್ನನ್ನೇ ನೂಕುತ್ತಿದೆ, ಮೇಲೆ, ಇನ್ನೂ ಮೇಲೆ — ಹೇಳಿಬಿಡಲೇ, ನಾಲಿಗೆಯ ತುದಿಯಲ್ಲಿದೆ, ಹೇಳಿದರೆ ಪರೀಕ್ಷಕರೆದುರು ಅವಳ ಬಾಯಲ್ಲಿ ನನ್ನ ಮಾತಿರುತ್ತದೆ — ಮೇಷ್ಟ್ರು ನನಗೂ ಹೇಳಿರಲಿಲ್ಲ, ಸೀಮೆಸುಣ್ಣ ಕೈಗಿತ್ತು, ಒಂದ್ ಸುತ್ತು ನಡ್ಕೊಂಡ್ ಬಾ ಕಣಮ್ಮ, ಅಂದಿದ್ದರು, ಅಷ್ಟೇ — ಅಕ್ಷತಾ, ಬೋರ್ಡ್ ಮೇಲೆ ಬೆರಳಿಟ್ಟು ಒಂದ್ ಸುತ್ತು ಬಾಮ್ಮ, ದಾರೀಲಿ ಮೈನಸ್ ಎಷ್ಟು ಸಿಕ್ತವೆ ಹೇಳು — ಬೆರಳು ಹೊರಟಿತು, ಒಂದು, ನಿಂತಿತು, ಎರಡು, ಕಣ್ಣು ಅಗಲವಾದವು, ಮೇಡಂ, ಚಿಹ್ನೆ ತಿರುಗ್ಸಕ್ಕೆ ಇನ್ನೊಂದ್ ಹಾಕ್ಲಾ, ಈ ಐಸೀಲಿ ಒಂದು ಆಂಪ್ಲಿಫೈಯರ್ ಖಾಲಿ ಅದೆ — ಹಾಕಮ್ಮ, ಹಾಕು — ಯಾರೂ ಹೇಳದೆ ಗೌತಮ್ ಫ್ಯಾನು ನಿಲ್ಲಿಸಿದ, ಗಾಳಿಗೆ ಬೆಸುಗೆ ಕೆಡಬಾರದೆಂದು, ತಮಾಷೆಯೂ ನಿಂತಿತು — ಮೆಟ್ಟಿಲಲ್ಲಿ ಶೂಗಳ ಸದ್ದು, ನಾನು ಯಾಕೆ ಎದ್ದು ನಿಂತೆ, ಪರೀಕ್ಷೆ ನನ್ನದಲ್ಲವಲ್ಲ — ಏನಮ್ಮ, ರೆಡೀನಾ, ಬಾಗಿಲಲ್ಲಿ ಪರೀಕ್ಷಕರು, ಅವಳು ಸ್ವಿಚ್ಚು ಒತ್ತಿದಳು, ಹಸಿರು ಗೆರೆ ಮೇಲಕ್ಕೆ ಚಿಮ್ಮಿತು, ಬೇಡ, ಬೇಡ — ಇಳಿಯಿತು, ನಡುವಿಗೆ ಬಂದು ಅಲೆಯಾಯಿತು, ಗುಂಡಿ ತಿರುಗಿಸಿ ದನಿಯನ್ನು ತಗ್ಗಿನಿಂದ ಕೀಚಲಿನತ್ತ ಏರಿಸುತ್ತಾ ಹೋದಳು ಹುಡುಗಿ, ಕೀಚಲಿನ ಗಡಿ ದಾಟುತ್ತಲೇ ಅಲೆ ಕುಗ್ಗಿತು, ಕುಗ್ಗಿತು, ಕೀಚಲು ಹಾಯಲಿಲ್ಲ, ಹಸಿರು ಗೆರೆ, ನಡುವಿನಲ್ಲಿ, ನೇರ, ಹಸಿರು ಗೆರೆ